ಪಿತ್ತ ಎದ್ದಾಗ ಗಡಿಯಾರ ನೋಡಿ

ಮೈಮೇಲೆ ಒಮ್ಮೆಲೇ ಪಿತ್ತ, ಅಂದರೆ ಕೆರೆಯುವ ಉಬ್ಬು ದದ್ದು, ಎದ್ದರೆ ನಮ್ಮ ಕಡೆ ಮೊದಲು ಸಿಕ್ಕಿಬೀಳುವುದು ಬದನೆಕಾಯಿ. ನಿನ್ನೆ ಮಧ್ಯಾಹ್ನ ಎಣ್ಣೆಗಾಯಿ ತಿಂದಿದ್ದೆ, ಅದೇ ನಂಜಾಯಿತು ಅನ್ನುತ್ತಾರೆ. ಬದನೆಕಾಯಿ ತಿಂದಿರದಿದ್ದರೆ ಶೇಂಗಾ ಹಿಂಡಿ. ಅದೂ ಅಲ್ಲದಿದ್ದರೆ ಮೊನ್ನೆ ಬೀಗರ ಮನೆಯಲ್ಲಿ ಉಂಡದ್ದು. ಒಟ್ಟಿನಲ್ಲಿ ತಪ್ಪೆಲ್ಲ ತಾಟಿನಲ್ಲೇ ಇರಬೇಕು.

ನಾನು ಜಮಖಂಡಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವನು. ಈ ಕಥೆ ವಾರಕ್ಕೆ ಹಲವು ಸಲ ಕೇಳುತ್ತೇನೆ. ಕೌಂಟರಿನ ಆಚೆ ನಿಂತು, ಅಂಗಿ ತೋಳು ಮೇಲೇರಿಸಿ, ಕೆರೆಯುತ್ತಲೇ ಹೇಳುತ್ತಾರೆ: "ಅಣ್ಣಾರ, ಮೈಯೆಲ್ಲಾ ಪಿತ್ತ ಎದ್ದೈತ್ರಿ. ಏನರ ಒಂದು ಗುಳಗಿ ಕೊಡ್ರಿ." ಗುಳಿಗೆ ಕೊಡುವ ಮೊದಲು ನಾನು ಕೇಳುವುದು ಏನು ತಿಂದಿರಿ ಅಂತ ಅಲ್ಲ. ಎಷ್ಟು ಹೊತ್ತಿಗೆ ಶುರುವಾಯಿತು? ಮೊದಲು ಎದ್ದ ದದ್ದು ಈಗಲೂ ಅಲ್ಲೇ ಇದೆಯಾ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ವಿಷಯ ಗೊತ್ತಾದ ಹಾಗೆ. ಆದರೆ ಯಾರೂ ಗಮನಿಸಿರುವುದಿಲ್ಲ. ಕೆರೆಯುವ ಭರದಲ್ಲಿ ಗಡಿಯಾರ ಯಾರು ನೋಡುತ್ತಾರೆ, ಅಲ್ವಾ?

ದದ್ದು ಒಂದೇ ಜಾಗದಲ್ಲಿ ಎಷ್ಟು ಹೊತ್ತು ಕೂರುತ್ತದೆ ಅನ್ನುವುದು ಬಹಳ ಮುಖ್ಯ. ಪಿತ್ತ ಅಂತ ನಾವು ಕರೆಯುವ, ಮೈಸೂರು ಕಡೆಯವರು ಗಂಧೆ ಅನ್ನುವ ಈ ದದ್ದು, ಒಂದೊಂದಾಗಿ ನೋಡಿದರೆ, ಹೆಚ್ಚೆಂದರೆ 24 ತಾಸಿನೊಳಗೆ ಗುರುತೂ ಉಳಿಸದೆ ಹೋಗಿಬಿಡುತ್ತದೆ. ಬಹಳಷ್ಟು ಸಲ ಎರಡು ಮೂರು ತಾಸಿನಲ್ಲೇ ಮಾಯ. ಆದರೆ ಅಷ್ಟರಲ್ಲಿ ಬೇರೆ ಕಡೆ ಹೊಸದು ಎದ್ದಿರುತ್ತದೆ. ಬೆಳಿಗ್ಗೆ ಹೊಟ್ಟೆ ಮೇಲೆ, ಮಧ್ಯಾಹ್ನ ತೊಡೆಗೆ, ರಾತ್ರಿ ಬೆನ್ನಿಗೆ. ಹಾಗಾಗಿ "ನಾಲ್ಕು ದಿನದಿಂದ ಹಂಗಽ ಐತ್ರಿ" ಅನಿಸುತ್ತದೆ.

ಇದನ್ನು ತಿಳಿಯಲು ಚರ್ಮದ ಡಾಕ್ಟರುಗಳು ಹೇಳುವ ಉಪಾಯ ತುಂಬ ಸರಳ. ಬಾಲ್‌ಪೆನ್ನಿನಿಂದ ಒಂದು ದದ್ದಿನ ಅಂಚಿಗೆ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದಿಡುವುದು. ನಮ್ಮ ಓಣಿಯ ಮಾಸ್ತರರೊಬ್ಬರಿಗೆ ಇದನ್ನು ಹೇಳಿದ್ದೆ. ಮರುದಿನ ಬಂದವರು ಮುಂಗೈ ಚಾಚಿದರು. ನೀಲಿ ಗೆರೆಯ ಒಳಗೆ ಚರ್ಮ ಚೊಕ್ಕ. ಪಕ್ಕದಲ್ಲಿ ನೀಟಾದ ಅಕ್ಷರದಲ್ಲಿ ಸಂಜೆ 6.40. ಗೆರೆಯಿಂದ ಎರಡು ಬೆರಳು ಆಚೆ, ರೂಪಾಯಿ ಅಗಲದ ಹೊಸ ದದ್ದು, ನಡುವೆ ಬೆಳ್ಳಗೆ, ಅಂಚು ಕೆಂಪಗೆ. "ಇದು ಹಾಜರಿ ಪುಸ್ತಕ ಆತಲ್ರೀ" ಅಂದರು. ಗೆರೆಯ ಒಳಗಿನದು ಎರಡನೇ ದಿನವೂ ಹಾಗೇ ಇದ್ದರೆ, ಕೆರೆತಕ್ಕಿಂತ ನೋವು ಉರಿ ಜಾಸ್ತಿ ಇದ್ದರೆ, ಹೋದಮೇಲೆ ಕಂದು ಕಲೆ ಉಳಿದರೆ ಅದು ಬೇರೆ ಕಾಯಿಲೆ ಇರಬಹುದು. ರಕ್ತನಾಳದ ಉರಿಯೂತದಲ್ಲಿ ಹಾಗಾಗುತ್ತದೆ. ಆಗ ನನ್ನ ಅಂಗಡಿ ಅಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಬೇಕು.

ಒಳಗೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಕಥೆಯೇ ಇದೆ. ನಮ್ಮ ಚರ್ಮದ ಕೆಳಗೆ, ಸಣ್ಣ ರಕ್ತನಾಳಗಳ ಮಗ್ಗುಲಲ್ಲಿ, ಮಾಸ್ಟ್ ಕೋಶಗಳು ಕೂತಿರುತ್ತವೆ. ಅವುಗಳ ಹೊಟ್ಟೆ ತುಂಬ ಹಿಸ್ಟಮಿನ್ ಎಂಬ ರಾಸಾಯನಿಕದ ಕಾಳುಗಳು. 1870ರ ದಶಕದಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಈ ಕೋಶಗಳನ್ನು ಬಣ್ಣ ಹಾಕಿ ನೋಡಿದ್ದ. ಉಂಡು ದಪ್ಪಗಾದ ಕೋಶ ಅಂದುಕೊಂಡಿದ್ದ. ಅದರೊಳಗಿದ್ದದ್ದು ಊಟ ಅಲ್ಲ, ತುರಿಕೆಯ ಮದ್ದುಗುಂಡು ಅಂತ ಗೊತ್ತಾಗಲು ದಶಕಗಳೇ ಹಿಡಿದವು. ಈ ಕೋಶ ಬಿರಿದರೆ ಹಿಸ್ಟಮಿನ್ ಹೊರಗೆ ಬರುತ್ತದೆ. ರಕ್ತನಾಳ ಹಿಗ್ಗಿ ಚರ್ಮ ಕೆಂಪಾಗುತ್ತದೆ. ನಾಳದಿಂದ ನೀರು ಒಸರಿ ಅಲ್ಲಿ ಉಬ್ಬುತ್ತದೆ. ನರದ ತುದಿ ಕೆಣಕಿ ಕೆರೆತ ಹುಟ್ಟುತ್ತದೆ. ಆ ನೀರು ಹಿಂಗಿದ ಮೇಲೆ ದದ್ದಿಗೆ ಅಲ್ಲಿ ಇರಲು ಕಾರಣವೇ ಇಲ್ಲ. ಅದಕ್ಕೇ ಗುರುತು ಉಳಿಯುವುದಿಲ್ಲ.

ಆದರೆ ಒಬ್ಬರಿಗೆ ಮೀನು ತಿಂದರೆ ಈ ಕೋಶ ಬಿರಿಯುತ್ತದೆ, ಪಕ್ಕದಲ್ಲಿ ಕೂತು ಅದೇ ಮೀನು ತಿಂದವನಿಗೆ ಏನೂ ಆಗುವುದಿಲ್ಲ. ಯಾಕೆ? ಇದಕ್ಕೆ ಉತ್ತರ ಹುಡುಕಿದವರು ಇಬ್ಬರು ಡಾಕ್ಟರುಗಳು, ಪ್ರೌಸ್ನಿಟ್ಜ್ ಮತ್ತು ಕ್ಯುಸ್ಟ್ನರ್. ಕ್ಯುಸ್ಟ್ನರನಿಗೆ ಬೇಯಿಸಿದ ಮೀನು ಆಗಿಬರುತ್ತಿರಲಿಲ್ಲ. ಪ್ರೌಸ್ನಿಟ್ಜ್ ಆತನ ರಕ್ತದ ನೀರನ್ನು ತೆಗೆದು ತನ್ನ ಹೊಟ್ಟೆಯ ಚರ್ಮಕ್ಕೇ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡ. ಮೀನಿನಿಂದ ಯಾವ ತೊಂದರೆಯೂ ಇಲ್ಲದ ಆ ಮನುಷ್ಯನ ಹೊಟ್ಟೆಯ ಮೇಲೆ, ಸರಿಯಾಗಿ ಅಷ್ಟೇ ಜಾಗದಲ್ಲಿ ದದ್ದು ಎದ್ದಿತು. ಅಂದರೆ ಅಲರ್ಜಿಯ ಬೀಜ ರಕ್ತದಲ್ಲಿದೆ. ಇದು 1921ರ ಮಾತು. ಆ ಬೀಜ ಐಜಿಇ ಎಂಬ ಪ್ರತಿಕಾಯ ಅಂತ ಪತ್ತೆಯಾದದ್ದು 1966ರಲ್ಲಿ, ಅಮೆರಿಕದಲ್ಲಿದ್ದ ಜಪಾನಿನ ಗಂಡ ಹೆಂಡತಿ, ಇಶಿಝಾಕಾ ದಂಪತಿಯಿಂದ. ಇವತ್ತು ಲ್ಯಾಬಿನವರು ಬಿಲ್ಲಿನಲ್ಲಿ ಐಜಿಇ ಅಂತ ಬರೆಯುವುದು ಇದನ್ನೇ.

ಐಜಿಇ ದಾರಿಯಲ್ಲಿ ಬರುವ ಊಟದ ಅಲರ್ಜಿಗೆ ತಾಳ್ಮೆ ಇಲ್ಲ. ತಿಂದ ಕೆಲವು ನಿಮಿಷದಿಂದ ಎರಡು ತಾಸಿನೊಳಗೆ ತನ್ನ ಬಣ್ಣ ತೋರಿಸುತ್ತದೆ. ಶೇಂಗಾ, ಮೊಟ್ಟೆ, ಹಾಲು, ಗೋಧಿ, ಗೋಡಂಬಿ, ಮೀನು, ಸಿಗಡಿ, ಇವು ಎಲ್ಲರಿಗಿಂತ ಮುಂದಿರುವ ಹೆಸರುಗಳು. ನಿನ್ನೆ ಮಧ್ಯಾಹ್ನದ ಎಣ್ಣೆಗಾಯಿಯಿಂದ ಇವತ್ತು ರಾತ್ರಿ ಪಿತ್ತ ಎದ್ದಿತು ಅನ್ನುವುದು ಈ ಲೆಕ್ಕಕ್ಕೆ ಕೂಡುವುದಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆ: ಹಿಂದಿನ ಸಲ ಅದೇ ಪದಾರ್ಥ ತಿಂದಾಗ ಎದ್ದಿತ್ತಾ? ಇಡೀ ವರ್ಷ ತಿಂದು ಅರಗಿಸಿಕೊಂಡದ್ದರ ಮೇಲೆ ಒಂದು ದಿನಕ್ಕೆ ಗುಮಾನಿ ಪಡುವ ಮೊದಲು ಇದನ್ನು ಕೇಳಿಕೊಳ್ಳಬೇಕು.

ಹಾಗಂತ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ಬದನೆಕಾಯಿಯಲ್ಲಿ ಹಿಸ್ಟಮಿನ್ ತಾನಾಗಿಯೇ ಇರುತ್ತದೆ. ಕೆಲವರಿಗೆ ತಿಂದ ಕೂಡಲೇ ಬಾಯಿ, ಗಂಟಲು ಕಡಿಯುವುದುಂಟು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇದರ ಮೇಲೆ ಅಧ್ಯಯನವನ್ನೇ ಮಾಡಿದ್ದಾರೆ. ನಿಜವಾದ ಐಜಿಇ ಅಲರ್ಜಿ ಇರುವವರು ಅದರಲ್ಲಿ ಕಡಿಮೆ. ಅಂಥವರು ಬಿಟ್ಟರಾಯಿತು. ಮನೆಮಂದಿಯೆಲ್ಲ ಬಿಡಬೇಕಾಗಿಲ್ಲ.

ಮೀನಿನಲ್ಲಿ ಇನ್ನೊಂದು ಸೋಜಿಗ ಇದೆ. ಬೆಳಗಾವಿಯಲ್ಲಿ ಮೀನು ತಿನ್ನುವವರಿಗೆ ಇದು ಗೊತ್ತಿರಲಿ. ಅಲ್ಲಿಗೆ ಬಾಂಗಡಾ ಬರುವುದು ಗೋವಾ, ಕಾರವಾರ ಕಡೆಯಿಂದ, ಘಟ್ಟ ಹತ್ತಿ. ದಾರಿಯಲ್ಲಿ ಮಂಜುಗಡ್ಡೆ ಕಡಿಮೆಯಾಗಿ ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲೇ ಹಿಸ್ಟಮಿನ್ ತಯಾರು ಮಾಡಿಬಿಡುತ್ತವೆ. ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆ ಸಿಡಿದು, ಮೈಮೇಲೆ ದದ್ದು ಏಳುತ್ತದೆ. ನೋಡಲು ಥೇಟ್ ಅಲರ್ಜಿ. ಆದರೆ ಅಲರ್ಜಿ ಅಲ್ಲ, ಒಂದು ಬಗೆಯ ವಿಷಾಹಾರ. ಒಂದೇ ಪಾತ್ರೆಯಲ್ಲಿ ಉಂಡ ಮೂವರಿಗೆ ಒಟ್ಟಿಗೇ ಎದ್ದರೆ ಅಲ್ಲಿಗೇ ಸಂಶಯ ಹೋಗಬೇಕು. ಅಲರ್ಜಿ ಅನ್ನುವುದು ಇಡೀ ಪಂಕ್ತಿಗೆ ಒಮ್ಮೆಲೇ ಬರುವುದು ಅಪರೂಪ.

ಇನ್ನು ಮಕ್ಕಳ ವಿಷಯ. ಮಗುವಿಗೆ ನೆಗಡಿ ಜ್ವರ ಬಂದು ಎರಡು ಮೂರು ದಿನಕ್ಕೆ ಮೈತುಂಬ ದದ್ದು ಎದ್ದರೆ, ಬಹಳ ಸಲ ಕಾರಣ ಆ ವೈರಸ್ಸೇ. ತಾಯಂದಿರು ಚಾಕೊಲೇಟ್ ಬೈಯುತ್ತಾರೆ, ಕುರುಕುರೆ ಬೈಯುತ್ತಾರೆ. ಅಜ್ಜಿ ಸೊಸೆಯನ್ನು ಬೈಯುತ್ತಾಳೆ. ಜ್ವರವನ್ನು ಮಾತ್ರ ಯಾರೂ ಬೈಯುವುದಿಲ್ಲ. ಕಷ್ಟ ಏನಂದರೆ, ಅಷ್ಟರಲ್ಲಿ ಆ ಮಗುವಿಗೆ ಆಂಟಿಬಯೋಟಿಕ್ಕೂ ಕುಡಿಸಿರುತ್ತಾರೆ. ದದ್ದು ವೈರಸ್ಸಿನಿಂದ ಬಂತೋ ಔಷಧಿಯಿಂದ ಬಂತೋ ಅಂತ ಹೇಳುವುದು ಡಾಕ್ಟರಿಗೂ ಸುಲಭ ಅಲ್ಲ. ಅದಕ್ಕೇ ಯಾವ ಔಷಧಿಯನ್ನು ಯಾವಾಗ ಶುರುಮಾಡಿದಿರಿ ಅಂತ ಬರೆದಿಡಿ ಅನ್ನುವುದು. ಇಲ್ಲದಿದ್ದರೆ ಮಗುವಿಗೆ ಪೆನಿಸಿಲಿನ್ ಆಗುವುದಿಲ್ಲ ಅನ್ನುವ ಹಣೆಪಟ್ಟಿ ಸುಮ್ನೆ ಜೀವಮಾನ ಇಡೀ ಉಳಿದುಬಿಡುತ್ತದೆ.

ನಮ್ಮ ಕಡೆ ಯಾರೂ ಎಣಿಸದ ಇನ್ನೊಬ್ಬ ಆರೋಪಿ ನೋವಿನ ಗುಳಿಗೆ. ಕಬ್ಬು ಕಡಿದು ಮೈಕೈ ನೋವು ಅಂತ ಡೈಕ್ಲೋಫೆನಾಕ್, ಹಲ್ಲುನೋವಿಗೆ ಐಬುಪ್ರೊಫೆನ್, ತಲೆನೋವಿಗೆ ಆಸ್ಪಿರಿನ್. ಇವು ಕೆಲವರಲ್ಲಿ ಐಜಿಇ ನೆರವೇ ಇಲ್ಲದೆ ಪಿತ್ತ ಎಬ್ಬಿಸುತ್ತವೆ, ಇರುವ ಪಿತ್ತವನ್ನು ಕೆರಳಿಸುತ್ತವೆ. "ಗುಳಗಿ ಏನರ ತಗೊಂಡ್ರೇನ್ರಿ?" ಅಂತ ಕೇಳಿದರೆ "ಇಲ್ರಿ" ಅನ್ನುತ್ತಾರೆ. "ನೋವಿಗೆ?" ಅಂದರೆ "ಹಾಂ, ಅದು ತಗೊಂಡೇನ್ರಿ, ಅದೇನು ಔಷಧಾನ?" ಕಿರಾಣಿ ಅಂಗಡಿಯಲ್ಲಿ ಸಿಗುವುದು ಔಷಧಿ ಅಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ.

ಇಷ್ಟೆಲ್ಲ ಹುಡುಕಿದರೂ, ಒಮ್ಮೆಲೇ ಎದ್ದ ಪಿತ್ತದಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಸಿಗುವುದೇ ಇಲ್ಲ. ಐದಾರು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದುಹೋಗುತ್ತದೆ. ಕೆಲವು ದಿನ ಕಾಡಿ, ಬಂದ ದಾರಿ ತೋರಿಸದೆ ಹೋಗುತ್ತದೆ. ಇದನ್ನು ಹೇಳಿದರೆ ಗಿರಾಕಿಗೆ ಸಮಾಧಾನ ಆಗುವುದಿಲ್ಲ. ಕಾರಣ ಹೇಳದ ಡಾಕ್ಟರು ದಡ್ಡ ಅನಿಸುತ್ತಾರೆ. ನನಗನ್ನಿಸುವುದು, ಗೊತ್ತಿಲ್ಲ ಅನ್ನುವ ಡಾಕ್ಟರನ್ನೇ ಜಾಸ್ತಿ ನಂಬಬೇಕು.

ತಾಟಿಗೂ ಔಷಧಿಗೂ ಸಂಬಂಧವಿಲ್ಲದ ಪಿತ್ತಗಳೂ ಇವೆ. ಕೆಲವರ ಬೆನ್ನಿನ ಮೇಲೆ ಉಗುರಿನಿಂದ ಗೀರಿದರೆ ಐದು ನಿಮಿಷದಲ್ಲಿ ಆ ಗೀರು ಹಗ್ಗದ ಹಾಗೆ ಉಬ್ಬಿ ನಿಲ್ಲುತ್ತದೆ. ಹೆಸರು ಬರೆದರೆ ಹೆಸರೇ ಮೂಡುತ್ತದೆ. ಬೆಲ್ಟು, ಲಂಗದ ಲಾಡಿ, ಬ್ರಾ ಪಟ್ಟಿ ಒತ್ತಿದ ಕಡೆಯೇ ಕೆರೆತ ಶುರುವಾಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಓಡಾಡಿ ಮೈ ಬೆಚ್ಚಗಾದರೆ ಕೆಲವರಿಗೆ ಸಾಸಿವೆಯಷ್ಟು ಸಣ್ಣ ದದ್ದು ನೂರಾರು ಏಳುತ್ತವೆ. ತಣ್ಣಗಾದರೆ ತಾಸಿನಲ್ಲಿ ಹೋಗುತ್ತವೆ. ಅದು ಬೆವರುಸಾಲೆ ಅಲ್ಲ, ಬೆವರುಸಾಲೆ ಅಷ್ಟು ಬೇಗ ಹೋಗುವುದಿಲ್ಲ. ಇನ್ನು ಕೆಲವರಿಗೆ ಚಳಿಯೇ ವೈರಿ. ಬೆಳಗಾವಿಯ ಡಿಸೆಂಬರ್ ಬೆಳಗಿನಲ್ಲಿ ಬೈಕು ಓಡಿಸಿದರೆ ಗಾಳಿ ಬಡಿದ ಕೈ, ಮುಖ, ಕಿವಿ ಉಬ್ಬುತ್ತವೆ. ಡಾಕ್ಟರು ಮುಂಗೈ ಮೇಲೆ ಮಂಜುಗಡ್ಡೆ ಐದು ನಿಮಿಷ ಇಟ್ಟು ತೆಗೆದು ನೋಡುತ್ತಾರೆ. ಚರ್ಮ ಮತ್ತೆ ಬೆಚ್ಚಗಾಗುವಾಗ ಅಷ್ಟೇ ಜಾಗ ಉಬ್ಬಿದರೆ ಉತ್ತರ ಸಿಕ್ಕಿತು. ಇಂಥವರು ಚಳಿಗಾಲದಲ್ಲಿ ಕೃಷ್ಣೆಗೆ ಜಿಗಿಯಬಾರದು. ಇಡೀ ಮೈ ಒಮ್ಮೆಲೇ ತಣ್ಣೀರಲ್ಲಿ ಮುಳುಗಿದರೆ ಹಿಸ್ಟಮಿನ್ ಎಷ್ಟು ಬಿಡುಗಡೆಯಾಗುತ್ತದೆ ಅಂದರೆ ನೀರಲ್ಲೇ ಎಚ್ಚರ ತಪ್ಪಬಹುದು.

ಗಂಟೆ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಬರುವ ಅಲರ್ಜಿ ಇನ್ನೊಂದು ಜಾತಿ. ಇದು ಪಿತ್ತ ಅಲ್ಲ. ಚರ್ಮಕ್ಕೆ ತಗುಲಿದ ಒಂದರಿಂದ ಮೂರು ದಿನಕ್ಕೆ ಅಲ್ಲೇ ಕೆಂಪಾಗಿ, ಸಣ್ಣ ನೀರುಗುಳ್ಳೆ ಎದ್ದು, ಒಸರಿ, ಹಕ್ಕಳೆ ಕಟ್ಟುತ್ತದೆ. ಒಂದೆಡೆ ಎದ್ದರೆ ವಾರಗಟ್ಟಲೆ ಅಲ್ಲೇ ಇರುತ್ತದೆ. ಹಣೆಯ ಮೇಲೆ ಟಿಕಳಿ ಇಡುವ ಜಾಗದಲ್ಲಷ್ಟೇ ಕೆರೆತ ಇದ್ದರೆ ಅದರ ಅಂಟನ್ನು ಸಂಶಯಿಸಬೇಕು. ಕಿವಿಯೋಲೆ, ಗಿಲೀಟು ಸರ, ಪ್ಯಾಂಟಿನ ಗುಂಡಿ ತಾಗುವ ಕಡೆ ಆದರೆ ನಿಕಲ್ ಲೋಹವನ್ನು. ಮದುವೆಗೆ ಹೊರಟವರು ಕೂದಲಿಗೆ ಕರಿ ಬಣ್ಣ ಹಚ್ಚಿಕೊಂಡು, ಅಕ್ಷತೆಯ ದಿನ ಕಣ್ಣು ತೆರೆಯಲಾರದಷ್ಟು ಮುಖ ಊದಿಸಿಕೊಂಡು ಬರುತ್ತಾರೆ. ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕದ ಕೆಲಸ. "ಮೊನ್ನೆ ಹಚ್ಚಿದ್ದು, ಅವತ್ತು ಏನೂ ಆಗಲಿಲ್ಲ" ಅನ್ನುತ್ತಾರೆ. ಅವತ್ತು ಆಗುವುದೇ ಇಲ್ಲ. ಪೊಟ್ಟಣದ ಮೇಲೆ 48 ತಾಸು ಮೊದಲೇ ಚರ್ಮಕ್ಕೆ ಹಚ್ಚಿ ನೋಡಿ ಅಂತ ಸಣ್ಣಕ್ಷರದಲ್ಲಿ ಬರೆದಿರುವುದು ಅದಕ್ಕೇ.

ಈ ಜಾತಿಯಲ್ಲಿ ನಮ್ಮ ಹೊಲದವರನ್ನು ಹೆಚ್ಚು ಗೋಳುಹೊಯ್ದುಕೊಳ್ಳುವುದು ಕಾಂಗ್ರೆಸ್ ಕಸ. ಪುಣೆಯಲ್ಲಿ 1955ರಲ್ಲಿ ಕಣ್ಣಿಗೆ ಬಿದ್ದ ಗಿಡ ಇದು, ಅಮೆರಿಕದ ಗೋಧಿಯ ಜೊತೆ ಬಂತು ಅನ್ನುತ್ತಾರೆ. ಈಗ ಅದು ಇಲ್ಲದ ಬದುವು, ರಸ್ತೆ ಬದಿ, ಶಾಲೆ ಮೈದಾನ ತೋರಿಸಿ ನೋಡೋಣ. ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ಒಂದು ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನ ಆಸುಪಾಸು ಬಿಟ್ಟರು. ಮಳೆಗಾಲದಲ್ಲಿ ಎಲೆ ತೂತು ತೂತಾದದ್ದು ಕಂಡರೆ ಅದು ಆ ದುಂಬಿಯ ಕೆಲಸ. ದುಂಬಿ ತಿಂದಷ್ಟೂ ಕಸ ಬೆಳೆಯಿತು ಅನ್ನುವುದು ಬೇರೆ ಮಾತು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಣಗಿದ ಪುಡಿಯ ಜೊತೆ ಗಾಳಿಯಲ್ಲಿ ಹಾರಿ ಬಂದು ಕೂರುತ್ತದೆ. ಅದಕ್ಕೇ ಗಿಡ ಮುಟ್ಟದವರಿಗೂ ಬರುತ್ತದೆ. ಮೊದಲು ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ. ವರ್ಷ ಕಳೆದಂತೆ ಚರ್ಮ ಕಪ್ಪಾಗಿ, ದಪ್ಪಗೆ, ಗೆರೆಗೆರೆಯಾಗುತ್ತದೆ. ಹೊಲಕ್ಕೆ ಹೋಗಿಬರುವ ಒಬ್ಬ ಅಜ್ಜನ ಕತ್ತು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಿಯ ಕಾಲರಿನ ಮೇಲೆ ಆನೆ ಚರ್ಮ, ಕಾಲರಿನ ಕೆಳಗೆ ಮಾಮೂಲಿ ಚರ್ಮ, ನಡುವೆ ನೇರ ಗೆರೆ. ಬಟ್ಟೆ ಮುಚ್ಚಿದ ಜಾಗ ಉಳಿದುಕೊಂಡಿತ್ತು. ಆತ ಸೇವಂತಿಯನ್ನೂ ದೂರ ಇಡಬೇಕಾಯಿತು. ಸೇವಂತಿ, ಸೂರ್ಯಪಾನ ಎರಡೂ ಅದೇ ಕುಟುಂಬದ ಗಿಡಗಳು. ಇಂಥವರಿಗೆ ಸೆಟ್ರಿಜಿನ್ ಗುಳಿಗೆ ಕೊಟ್ಟರೆ ನಿದ್ದೆ ಬರಬಹುದು, ಕಾಯಿಲೆ ಹೋಗದು. ಯಾಕೆಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ಹಿಸ್ಟಮಿನ್ ಅಲ್ಲ, ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು.

ಹಿಸ್ಟಮಿನ್ ಇಲ್ಲದ ಕೆರೆತಕ್ಕೆ ನಸಗುನ್ನಿ ಕಾಯಿಗಿಂತ ಒಳ್ಳೆಯ ಉದಾಹರಣೆ ಬೇಕಾ? ಶಾಲೆಯಲ್ಲಿ ಯಾರದಾದರೂ ಅಂಗಿಯೊಳಗೆ ಅದರ ಬಂಗಾರ ಬಣ್ಣದ ರೋಮ ಉದುರಿಸುವ ಒಬ್ಬ ಪುಂಡ ಪ್ರತಿ ತರಗತಿಯಲ್ಲೂ ಇರುತ್ತಿದ್ದ. ಆ ರೋಮದಲ್ಲಿ ಮ್ಯೂಕುನೈನ್ ಅನ್ನುವ ಪ್ರೋಟೀನು ಕತ್ತರಿಸುವ ಕಿಣ್ವ ಇದೆ. ಅದು ನರದ ತುದಿಯನ್ನು ನೇರವಾಗಿ ಕೆಣಕುತ್ತದೆ. ಅಲ್ಲಿ ದದ್ದು ಏಳುವುದು ಕಡಿಮೆ, ಕೆರೆತ ಮಾತ್ರ ಜೀವ ಹೋಗುವಷ್ಟು. ಕೆರೆದರೆ ರೋಮ ಇನ್ನೂ ಒಳಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಕಿತ್ತು ರೋಮ ತೆಗೆದು, ಆಮೇಲೆ ಸೋಪು ನೀರಲ್ಲಿ ತೊಳೆಯಬೇಕು. ಕಂಬಳಿ ಹುಳ ಮೈಮೇಲೆ ಹರಿದಾಡಿದರೂ ಇದೇ ಉಪಾಯ. ಜೋಳದ ರಾಶಿಯ ದಿನ ಸುಂಕು ಹತ್ತಿ ಮೈ ಕಡಿಯುವುದೂ, ಕಬ್ಬಿನ ರವದಿ ಹೊತ್ತವರ ಕತ್ತು ಉರಿಯುವುದೂ ಬಹುಪಾಲು ಇಂಥ ಚುಚ್ಚಾಟವೇ. ತುಂಬು ತೋಳಿನ ಅಂಗಿ, ಕೆಲಸ ಮುಗಿದ ಕೂಡಲೇ ಸ್ನಾನ. ಆ ಬಟ್ಟೆಯನ್ನು ಬಿಚ್ಚಿ ಹಾಸಿಗೆಯ ಮೇಲೆ ಎಸೆಯಬಾರದು ಅಷ್ಟೇ.

ಕೆರೆತಕ್ಕೆಲ್ಲ ಅಲರ್ಜಿ ಅಂತ ಹೆಸರಿಟ್ಟು ಮುಲಾಮು ಕೇಳುವವರೂ ಬಹಳ. ರಾತ್ರಿ ಜಾಸ್ತಿಯಾಗುವ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕಳ ಸುತ್ತ ಇರುವ, ಮನೆಯ ಮೂರು ಜನರಿಗೆ ಒಟ್ಟಿಗೇ ಇರುವ ಕೆರೆತ ಕಜ್ಜಿ. ಅದಕ್ಕೆ ಪರ್ಮೆಥ್ರಿನ್ ಕ್ರೀಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಉಂಗುರದಂತೆ ಹರಡುತ್ತ ಹೋಗುವುದು ಹುಳಕಡ್ಡಿ, ಅದು ಶಿಲೀಂಧ್ರ. ಇದಕ್ಕೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಎರಡು ದಿನ ಕೆರೆತ ನಿಂತು ಖುಷಿಯಾಗುತ್ತದೆ. ಬೆಂಕಿಗೆ ಬೂದಿ ಮುಚ್ಚಿದ ಹಾಗೆ, ಒಳಗೊಳಗೇ ಅದು ಹಬ್ಬುತ್ತಿರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಬೇಕೇ ಬೇಕು. ಚೀಟಿ ಕೇಳಿದರೆ "ಆ ಅಂಗಡ್ಯಾಗ ಹಂಗಽ ಕೊಡ್ತಾರ" ಅಂತ ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ.

ಮನೆಮದ್ದಿಗೆ ಬರೋಣ. ಪಿತ್ತ ಎದ್ದರೆ ಕರಿ ಕಂಬಳಿಯಿಂದ ಮೈ ತಿಕ್ಕುವುದು, ಅದನ್ನೇ ಹೊದ್ದು ಮಲಗುವುದು ಹಳೆಯ ರೂಢಿ. ಇದನ್ನು ನಾನು ಒಪ್ಪುವುದಿಲ್ಲ. ಉಣ್ಣೆಯ ಉಜ್ಜಾಟ, ಬಿಸಿ ಎರಡೂ ಮಾಸ್ಟ್ ಕೋಶಗಳನ್ನು ಇನ್ನಷ್ಟು ಕೆಣಕುತ್ತವೆ. ಆಮೇಲೆ ಪಿತ್ತ ಹೋಗುತ್ತದಲ್ಲ ಅಂದರೆ, ಅದು ಹೇಗಿದ್ದರೂ ಹೋಗುವುದೇ. ಬೆಳಗಾವಿ ಕಡೆ ಅಮಸೋಲ, ಅಂದರೆ ಒಣಗಿಸಿದ ಪುನರ್ಪುಳಿ ಸಿಪ್ಪೆ, ನೆನೆಸಿದ ನೀರನ್ನು ಮೈಗೆ ಹಚ್ಚುತ್ತಾರೆ, ಕುಡಿಯುತ್ತಾರೆ. ತಣ್ಣನೆಯ ನೀರು ಕೆರೆತವನ್ನು ತಗ್ಗಿಸುವುದು ನಿಜ, ಅದರಿಂದ ಕೆಡುಕೂ ಇಲ್ಲ. ಚಳಿಯಿಂದಲೇ ಪಿತ್ತ ಏಳುವವರು ಮಾತ್ರ ತಣ್ಣೀರಿನ ತಂಟೆಗೆ ಹೋಗಬಾರದು. ಒದ್ದೆ ಬಟ್ಟೆ, ಸಡಿಲವಾದ ಹತ್ತಿ ಬಟ್ಟೆ, ಕ್ಯಾಲಮೈನ್ ಲೋಷನ್ ಇಷ್ಟು ಸಾಕು. ಬಿಸಿನೀರ ಸ್ನಾನ, ಕುಡಿತ, ನೋವಿನ ಗುಳಿಗೆ ಆ ನಾಲ್ಕು ದಿನ ಬೇಡ.

ಔಷಧಿ ಅಂದರೆ ಹಿಸ್ಟಮಿನ್ನಿನ ಬಾಗಿಲು ಮುಚ್ಚುವ ಗುಳಿಗೆಗಳು. ಇದರ ದಾರಿ ತೋರಿಸಿದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂತು. ಹಳೆ ಕಾಲದ ಅವಿಲ್, ಸಿಪಿಎಂ ಗುಳಿಗೆಗಳು ಮೆದುಳಿಗೂ ಇಳಿದು ತೂಕಡಿಕೆ ತರುತ್ತವೆ. ನಮ್ಮ ಕಡೆ ನಿದ್ದೆ ಬಂದರೆ ಮಾತ್ರ ಗುಳಿಗೆ "ಪವರ್" ಇದೆ ಅನ್ನುವವರಿದ್ದಾರೆ. ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಡ್ರೈವರನಿಗೆ ಆ ಪವರ್ ಕೊಡುವ ಧೈರ್ಯ ನನಗಿಲ್ಲ. ಹೊಸ ಪೀಳಿಗೆಯ ಸೆಟ್ರಿಜಿನ್, ಲಿವೊಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವುಗಳಿಗೇ ಇವತ್ತು ಮೊದಲ ಸ್ಥಾನ. ದೊಡ್ಡವರಿಗೆ ಸೆಟ್ರಿಜಿನ್ ದಿನಕ್ಕೆ 10 ಮಿಲಿಗ್ರಾಂ, ಸುಮಾರು ಒಂದು ತಾಸಿನಲ್ಲಿ ಕೆರೆತ ಇಳಿಯುತ್ತದೆ. ಸೆಟ್ರಿಜಿನ್ನಿಂದಲೂ ಕೆಲವರಿಗೆ ಮಂಪರು ಬರುತ್ತದೆ, ಫೆಕ್ಸೊಫೆನಡಿನ್‌ನಿಂದ ಕಡಿಮೆ. ಅದನ್ನು ಹಣ್ಣಿನ ರಸದ ಜೊತೆ ನುಂಗಬಾರದು, ಮೈಗೆ ಹತ್ತುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡುವ ಮಾತೇ ಇಲ್ಲ. ಗುಳಿಗೆ ಕಾಯಿಲೆಯ ಬೇರು ಕೀಳುವುದಿಲ್ಲ, ಅದು ಮುಗಿಯುವವರೆಗೆ ಕೆರೆತ ತಡೆಯುತ್ತದೆ. ಒಂದು ನುಂಗಿ, ಇಳಿಯಿತು ಅಂತ ಬಿಟ್ಟು, ಮರುದಿನ ಮತ್ತೆ ದದ್ದು ಎದ್ದಾಗ "ಗುಳಗಿ ಹತ್ತಲಿಲ್ರಿ" ಅನ್ನುವುದು ಸರಿಯಲ್ಲ.

ಕೆರೆತಕ್ಕೆ ಇಂಜೆಕ್ಷನ್ ಕೇಳುವವರಿಗೂ ಒಂದು ಮಾತು. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಚುಚ್ಚಿದರೆ ಪಿತ್ತ ಇಳಿಯುತ್ತದೆ, ಸಂಶಯವಿಲ್ಲ. ಪ್ರತಿ ಸಲ ಅದೇ ಬೇಕು ಅಂದರೆ ಸಕ್ಕರೆ ಕಾಯಿಲೆ, ಬಿಪಿ, ಮೂಳೆ ಸವೆತ ಬೆನ್ನು ಹತ್ತುತ್ತವೆ.

ಈಗ ಹೇಳುವುದನ್ನು ಮಾತ್ರ ಮನೆಯವರಿಗೂ ಓದಿ ಹೇಳಿ. ದದ್ದಿನ ಜೊತೆ ನಾಲಿಗೆ ಅಥವಾ ಗಂಟಲು ಊದಿದರೆ, ದನಿ ಒಡೆದರೆ, ಉಸಿರು ಕಟ್ಟಿದರೆ, ಎದೆಯಲ್ಲಿ ಸುಯ್ಯೆಂದರೆ, ತಲೆ ಸುತ್ತಿ ಬಿದ್ದರೆ, ಒಂದೇ ಸಮ ವಾಂತಿಯಾದರೆ ಅದು ಬರೀ ಪಿತ್ತ ಅಲ್ಲ, ಅನಾಫಿಲಾಕ್ಸಿಸ್ ಅನ್ನುವ, ಜೀವಕ್ಕೇ ಅಪಾಯ ತರುವ ಅಲರ್ಜಿ. ಹೆಜ್ಜೇನು ಎದ್ದಾಗ, ಇಂಜೆಕ್ಷನ್ ಚುಚ್ಚಿದ ಮೇಲೆ, ಆಗದ ಪದಾರ್ಥ ತಿಂದಾಗ ಹೀಗಾಗಬಹುದು. ಇಲ್ಲಿ ಗಡಿಯಾರದ ಮುಳ್ಳು ನಿಮಿಷದ ಲೆಕ್ಕದಲ್ಲಿ ಓಡುತ್ತದೆ. ಸೆಟ್ರಿಜಿನ್ ನುಂಗಿಸಿ ಕಾಯುತ್ತ ಕೂರಬಾರದು. 108ಕ್ಕೆ ಕರೆ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಓಡಿ. ಮಲಗಿಸಿ ಕಾಲು ಮೇಲೆತ್ತಿಡಿ, ಉಸಿರಾಟಕ್ಕೆ ಕಷ್ಟವಾದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಜೀವ ಉಳಿಸುವ ಔಷಧಿ ಅಡ್ರಿನಾಲಿನ್. ತೊಡೆಯ ಹೊರಬದಿಯ ಮಾಂಸಕ್ಕೆ, ದೊಡ್ಡವರಿಗೆ ಅರ್ಧ ಮಿಲಿಗ್ರಾಂ ಚುಚ್ಚುತ್ತಾರೆ, ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಆರಾಮಾಯಿತು ಅಂತ ಕೂಡಲೇ ಮನೆಗೆ ಕರೆತರಬೇಡಿ. ಕೆಲವು ತಾಸಿನ ಮೇಲೆ ಮತ್ತೆ ಮರುಕಳಿಸುವುದುಂಟು. ಕೆರೆತವೇ ಇಲ್ಲದೆ ತುಟಿ, ನಾಲಿಗೆ ಮಾತ್ರ ಊದಿದರೆ ಬಿಪಿ ಗುಳಿಗೆಯ ಹೆಸರು ನೋಡಿ. ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನವು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಹೀಗೆ ಮಾಡಬಹುದು. ಇದಕ್ಕೂ ಆಸ್ಪತ್ರೆಯೇ ದಾರಿ.

ಆರು ವಾರ ದಾಟಿಯೂ ಪಿತ್ತ ಏಳುತ್ತಲೇ ಇದ್ದರೆ ಅದು ದೀರ್ಘಕಾಲದ್ದು. ಇದರಲ್ಲಿ ಊಟದ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮೈಯೇ ತನ್ನ ಮಾಸ್ಟ್ ಕೋಶಗಳ ಮೇಲೆ ಹರಿಹಾಯುವ ಸ್ಥಿತಿ ಬಹಳ ಸಲ. ಇಂಥವರಲ್ಲಿ ಥೈರಾಯ್ಡ್ ತೊಂದರೆಯೂ ಜಾಸ್ತಿ ಕಾಣುತ್ತದೆ. ನಮ್ಮ ಕಡೆ ಇಂಥ ಹೆಣ್ಣುಮಕ್ಕಳು ಮೊದಲು ಬದನೆ ಬಿಡುತ್ತಾರೆ, ಆಮೇಲೆ ಮೊಸರು, ಆಮೇಲೆ ಶೇಂಗಾ, ಬೇಳೆ. ಕೊನೆಗೆ ಬಿಳಿಜೋಳದ ರೊಟ್ಟಿ ಹಾಲು ತಿಂದು ಬಡಕಲಾಗುತ್ತಾರೆ, ಪಿತ್ತ ಹಾಗೇ ಇರುತ್ತದೆ. ಇನ್ನು ಕೆಲವರು ನೂರೆಂಟು ಪದಾರ್ಥಗಳ ಅಲರ್ಜಿ ಟೆಸ್ಟಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ರಕ್ತದಲ್ಲಿ ಐಜಿಇ ಸಿಕ್ಕ ಮಾತ್ರಕ್ಕೆ ಆ ಪದಾರ್ಥ ತಿಂದರೆ ಪಿತ್ತ ಏಳುತ್ತದೆ ಅಂತಲ್ಲ. ವರ್ಷಗಟ್ಟಲೆ ಆರಾಮಾಗಿ ಉಂಡ ಗೋಧಿಯ ಮುಂದೆ ಪ್ಲಸ್ ಗುರುತು ಬಂದರೆ ಏನು ಮಾಡುತ್ತೀರಿ? ದಿನವೂ ಗುಳಿಗೆ, ಸಾಲದಿದ್ದರೆ ಡಾಕ್ಟರ ಕಣ್ಗಾವಲಲ್ಲಿ ಡೋಸು ನಾಲ್ಕು ಪಟ್ಟಿನವರೆಗೆ ಏರಿಸುವುದು, ಅದಕ್ಕೂ ಬಗ್ಗದಿದ್ದರೆ ಒಮಾಲಿಝುಮಾಬ್ ಇಂಜೆಕ್ಷನ್. ಇದು ಚಿಕಿತ್ಸೆಯ ಮೆಟ್ಟಿಲು. ಕೊನೆಯದು ದುಬಾರಿ. ಬಹಳ ಮಂದಿಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರುವುದಿಲ್ಲ, ಕೆಲವು ವರ್ಷಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ.

ಡಾಕ್ಟರ ಹತ್ತಿರ ಹೋಗುವವರಿಗೆ ನಾನು ಹೇಳುವುದು, ದದ್ದು ಎದ್ದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ ಅಂತ. ಇಲ್ಲಿಂದ ಬಾಗಲಕೋಟೆಗೆ ಹೊರಟ ಬಸ್ಸು ಮುಧೋಳ, ಲೋಕಾಪುರ ದಾಟುವಷ್ಟರಲ್ಲಿ ದದ್ದು ಇಳಿದಿರುತ್ತದೆ. ಡಾಕ್ಟರ ಮುಂದೆ ಕೂತಾಗ ಚರ್ಮ ಚೊಕ್ಕ, ತೋರಿಸಲು ಏನೂ ಇಲ್ಲ. "ಬೆಳಿಗ್ಗೆ ಇತ್ರಿ ಸಾಹೇಬ್ರ, ಆಣೆ ಮಾಡಿ ಹೇಳ್ತೀನ್ರಿ" ಅಂತ ಒದ್ದಾಡಬೇಕಾಗುತ್ತದೆ. ಫೋಟೊದಲ್ಲಿ ದದ್ದಿನ ಜೊತೆ ತಾರೀಖು, ಹೊತ್ತು ಎರಡೂ ಸಿಗುತ್ತವೆ. ನುಂಗುತ್ತಿರುವ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ, ನೋವಿನ ಗುಳಿಗೆಯದ್ದನ್ನೂ ಸೇರಿಸಿ.